ಮಧ್ಯಾಹ್ನದ ಪರದೆಗೂ ಸಲ್ಲಲಿ ಒಂದು ಸನ್ಮಾನ

ನಾಸಿಕ್/ಛತ್ರಪತಿ ಸಂಭಾಜಿನಗರ: ಪ್ರಶಸ್ತಿಗಳ ಮಾತು ಬಂದರೆ ಗೋದಾವರಿ ಸೀಮೆಯ ಈ ಎರಡು ನಗರಗಳ ಕನ್ನಡಿಗರು ಹೆಮ್ಮೆಯಿಂದ ತಲೆಯೆತ್ತಬಹುದು. ಚಿತ್ರರಂಗದಲ್ಲಿ ದೇಶದ ಅತ್ಯುನ್ನತ ಗೌರವವೆನಿಸಿದ ಫಾಲ್ಕೆ ಪ್ರಶಸ್ತಿ ಯಾರ ಹೆಸರಿನಲ್ಲಿದೆಯೋ ಆ ದಾದಾಸಾಹೇಬ್ ಫಾಲ್ಕೆಯವರು ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಸಮೀಪದ ತ್ರ್ಯಂಬಕದಲ್ಲಿ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಮುಂಬಯಿಯಲ್ಲಿ ತೆರೆ ಕಂಡ ಬಳಿಕ ಅವರು ಚಿತ್ರ ತಯಾರಿಕೆಯನ್ನು ನಾಸಿಕ್‌ಗೇ ತಂದರು. 1944ರ ಫೆಬ್ರವರಿ 16ರಂದು ಕೊನೆಯುಸಿರೆಳೆದದ್ದೂ ಇದೇ ಊರಿನಲ್ಲಿ. 1969ರ ಸಾಲಿನಿಂದ ನೀಡಲಾಗುತ್ತಿರುವ ಈ ಪ್ರಶಸ್ತಿಯ ಪಟ್ಟಿಯಲ್ಲಿ 1995ರ ಸಾಲಿಗೆ ಡಾ. ರಾಜ್‌ಕುಮಾರ್ ಅವರ ಹೆಸರಿದೆ. 2008ರ ಸಾಲಿಗೆ ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಹೆಸರಿದೆ.

ಇನ್ನು ಛತ್ರಪತಿ ಸಂಭಾಜಿನಗರ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ನಗರದಲ್ಲಿ ನಡೆಯುವ ಅಜಂತಾ-ಎಲ್ಲೋರಾ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದ ಪ್ರಮುಖ ಪ್ರಶಸ್ತಿಯ ಹೆಸರು 'ಗೋಲ್ಡನ್ ಕೈಲಾಸ'. ಎಲ್ಲೋರಾದ ಕೈಲಾಸ ದೇಗುಲ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು. ಅದೇ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದೆ. ಆ ಗೋದಾವರಿ ಹುಟ್ಟುವುದು ಫಾಲ್ಕೆಯವರ ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ. ಹರಿದು ಮುಂದೆ ಸಾಗುವುದು ಸಂಭಾಜಿನಗರ ಜಿಲ್ಲೆಯ ಪೈಠಣದ ಮಗ್ಗುಲಲ್ಲಿ. ಹೀಗಾಗಿ ಇಲ್ಲಿಯ ಕನ್ನಡಿಗರಿಗೆ ಬೆಳ್ಳಿತೆರೆಯ ಗೌರವಗಳು ಪರರ ಮನೆಯ ಮಾತಲ್ಲ.

ಆದರೆ ಇವೆಲ್ಲ ದೊಡ್ಡ ಪರದೆಯ ಪ್ರಶಸ್ತಿಗಳು. ಮನೆಯ ಮೂಲೆಯಲ್ಲಿ, ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಹಚ್ಚುವ ಆ ಸಣ್ಣ ಪರದೆಗೆ ಯಾವ ಪ್ರಶಸ್ತಿಯಿದೆ? ಹಗಲು ಹೊತ್ತಿನ ಟಿವಿ ಕಾರ್ಯಕ್ರಮಗಳಿಗೆಂದೇ ಅಮೆರಿಕದಲ್ಲಿ ಐವತ್ತು ವರ್ಷಗಳಿಗೂ ಹಿಂದೆ ಪ್ರತ್ಯೇಕ ಸಮಾರಂಭವೊಂದು ಆರಂಭವಾಯಿತು. ಅದರ ಕಥೆ ಹೊರನಾಡ ಕನ್ನಡಿಗರು, ಅದರಲ್ಲೂ ಸಂಘ ಸಂಸ್ಥೆಗಳನ್ನು ನಡೆಸುವವರು, ತಿಳಿದುಕೊಳ್ಳಬೇಕಾದದ್ದು.

ಮಧ್ಯಾಹ್ನವೇ ಕನ್ನಡದ ಹೊತ್ತು

ನಾಸಿಕ್ ಪರಿಸರಕ್ಕೆ ಕನ್ನಡಿಗರು ಬಂದದ್ದು ಹಲವು ದಾರಿಗಳಿಂದ. 1964ರಲ್ಲಿ ಓಝರ್‌ನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾದಾಗ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್ ಸಂಸ್ಥೆಯ ನೌಕರಿಯ ಬೆನ್ನು ಹಿಡಿದು ಬಂದವರಿದ್ದಾರೆ. ಬೆಂಗಳೂರು ಮೂಲದ ಮೈಕೋ ಕಂಪೆನಿ ಇಲ್ಲಿಯೂ ಕಾರ್ಖಾನೆ ತೆರೆದಾಗ ಬಂದವರಿದ್ದಾರೆ. ನಗರದ ಒಂದು ವೃತ್ತಕ್ಕೆ ಇಂದಿಗೂ ಮೈಕೋ ಸರ್ಕಲ್ ಎಂದೇ ಹೆಸರು. ಕರಾವಳಿಯಿಂದ ಬಂದು ಹೊಟೇಲು ಉದ್ಯಮದಲ್ಲಿ ಬೆವರು ಸುರಿಸಿದವರಿದ್ದಾರೆ. ಸಂಭಾಜಿನಗರದಲ್ಲಿಯೂ ಅಷ್ಟೇ. ವಾಳೂಜ್, ಚಿಕಲ್‌ಠಾಣಾ ಕೈಗಾರಿಕಾ ಪ್ರದೇಶಗಳ ನೌಕರಿ ಮತ್ತು ಉಡುಪಿ ಹೊಟೇಲು, ಇವೆರಡೂ ಕನ್ನಡಿಗರನ್ನು ಅಲ್ಲಿಗೆ ಕರೆತಂದವು.

ಇಂಥ ಮನೆಗಳಲ್ಲಿ ಭಾಷೆಯ ದಿನಚರಿ ಬೇರೆಯೇ ಇರುತ್ತದೆ. ಬೆಳಿಗ್ಗೆ ಶಾಲೆಯ ಗಡಿಬಿಡಿ ಮರಾಠಿ, ಇಂಗ್ಲಿಷಿನಲ್ಲಿ. ಮಾರುಕಟ್ಟೆ, ರಿಕ್ಷಾ, ಬ್ಯಾಂಕಿನ ವ್ಯವಹಾರ ಮರಾಠಿ, ಹಿಂದಿಯಲ್ಲಿ. ರಾತ್ರಿ ಎಲ್ಲರೂ ಕೂಡಿದಾಗ ರಿಮೋಟು ಮಕ್ಕಳ ಕೈಯಲ್ಲಿ, ಪರದೆಯ ಮೇಲೆ ಕ್ರಿಕೆಟ್ಟು ಇಲ್ಲವೇ ಹಿಂದಿ ಕಾರ್ಯಕ್ರಮ. ಊಟದ ನಂತರದ ಒಂದೆರಡು ತಾಸು ಮಾತ್ರ ಊರಿನಿಂದ ಮಗನ ಮನೆಗೆ ಬಂದು ನೆಲೆಸಿದ ಅಜ್ಜಿಗೆ, ಮನೆಯೊಡತಿಗೆ, ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದ ಮೇಲೆ ಸಂಜೆಯ ತನಕ ಬೆನ್ನು ಚಾಚಲು ಮನೆಗೆ ಬರುವ ಹೊಟೇಲು ಯಜಮಾನನಿಗೆ ಸೇರಿದ್ದು. ಆಗ ಮನೆಯಲ್ಲಿ ಕೇಳಿಸುವುದು ಕನ್ನಡ. ಬೆಳಗಿನ ಪಾಳಿಯ ಶಾಲೆ ಮುಗಿಸಿ ಬಂದ ಮೊಮ್ಮಗ ಅಜ್ಜಿಯ ಪಕ್ಕದಲ್ಲಿ ಕುಳಿತು 'ಅವಳು ಯಾಕೆ ಅಳ್ತಿದ್ದಾಳೆ?' ಎಂದು ಕೇಳುವುದೂ ಆಗಲೇ. ಕನ್ನಡ ಶಾಲೆಯ ಮೆಟ್ಟಿಲು ಹತ್ತದ ಮಗುವಿಗೆ ಅಜ್ಜಿ ಮತ್ತು ಧಾರಾವಾಹಿ, ಇವರಿಬ್ಬರೇ ಕನ್ನಡದ ಮೇಷ್ಟ್ರುಗಳು ಎಂದರೆ ಅತಿಶಯೋಕ್ತಿಯಾಗಲಾರದು.

ವಿಪರ್ಯಾಸವೆಂದರೆ ಈ ಹೊತ್ತಿನ ಕಾರ್ಯಕ್ರಮವನ್ನು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. 'ಹೆಂಗಸರ ಧಾರಾವಾಹಿ' ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವವರೇ ಹೆಚ್ಚು. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಪರಿಸ್ಥಿತಿ ಹೀಗೆಯೇ ಇತ್ತು.

ಸಾಬೂನು ಕಂಪೆನಿಗಳ ಕೊಡುಗೆ

ಹಗಲಿನ ಧಾರಾವಾಹಿಗೆ ಅಮೆರಿಕದಲ್ಲಿ 'ಸೋಪ್ ಆಪೆರಾ' ಎಂಬ ಹೆಸರು ಬಂದದ್ದೇ ಸಾಬೂನಿನಿಂದ. ಮೊದಲಿಗೆ ರೇಡಿಯೋದಲ್ಲಿ, ಗಂಡಸರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿರುವ ಗೃಹಿಣಿಯರಿಗಾಗಿ ಕಥೆ ಬಿತ್ತರಿಸುವ ಪದ್ಧತಿ ಆರಂಭವಾಯಿತು. ಹಣ ಹೂಡಿದವರು ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನಂಥ ಸಾಬೂನು ತಯಾರಕರು. ಈ ಪ್ರಕಾರದ ತಾಯಿ ಎನಿಸಿದ ಲೇಖಕಿ ಇರ್ನಾ ಫಿಲಿಪ್ಸ್ 1930ರಲ್ಲಿ ಶಿಕಾಗೋ ರೇಡಿಯೋಗೆ ಧಾರಾವಾಹಿ ಬರೆದರು. ಅವರ 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಆರಂಭವಾಗಿ, 1952ರಲ್ಲಿ ಟಿವಿಗೆ ಬಂದು, 2009ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಒಂದೇ ಕಥೆ, ಎಪ್ಪತ್ತೆರಡು ವರ್ಷ!

ಅಮೆರಿಕದ ಟಿವಿ ಪ್ರಶಸ್ತಿಯ ಹೆಸರು ಎಮ್ಮಿ. ಕನ್ನಡದ ಕಿವಿಗೆ ಎಮ್ಮೆಯಂತೆ ಕೇಳಿಸುವ ಈ ಹೆಸರು ಹುಟ್ಟಿದ್ದು ಅಂದಿನ ಕ್ಯಾಮೆರಾದ ಒಂದು ಭಾಗವಾದ ಇಮೇಜ್ ಆರ್ಥಿಕಾನ್ ಎಂಬ ನಳಿಕೆಯ ಅಡ್ಡಹೆಸರಾದ 'ಇಮ್ಮಿ'ಯಿಂದ. ಅಣುವಿನ ಚಿಹ್ನೆಯನ್ನು ಎತ್ತಿ ಹಿಡಿದ ರೆಕ್ಕೆಯುಳ್ಳ ಸ್ತ್ರೀಯ ಪ್ರತಿಮೆಯೇ ಪ್ರಶಸ್ತಿ. 1949ರಲ್ಲಿ ಎಮ್ಮಿ ಮೊದಲ ಬಾರಿ ಪ್ರದಾನವಾಯಿತು. ಆದರೆ ಹಗಲಿನ ಧಾರಾವಾಹಿಗೆ ಅದರಲ್ಲಿ ಒಂದು ವಿಭಾಗ ಸಿಗಲು 1972ರವರೆಗೆ ಕಾಯಬೇಕಾಯಿತು.

ರಾತ್ರಿಯ ಕಾರ್ಯಕ್ರಮದ ಜತೆ ಹಗಲಿನ ಕಾರ್ಯಕ್ರಮವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದಕ್ಕೆ ಬಲವಾದ ಕಾರಣವಿತ್ತು. ರಾತ್ರಿಯ ಒಂದು ಜನಪ್ರಿಯ ಧಾರಾವಾಹಿ ವರ್ಷಕ್ಕೆ ಇಪ್ಪತ್ತು-ಇಪ್ಪತ್ತೈದು ಕಂತು ತಯಾರಿಸಿದರೆ, ಹಗಲಿನ ಧಾರಾವಾಹಿ ವಾರಕ್ಕೆ ಐದು ದಿನದಂತೆ ವರ್ಷಕ್ಕೆ ಸುಮಾರು 250 ಕಂತು ತಯಾರಿಸಬೇಕು. ನಟಿ ದಿನವೊಂದಕ್ಕೆ ಹತ್ತಾರು ಪುಟ ಸಂಭಾಷಣೆ ಬಾಯಿಪಾಠ ಮಾಡಬೇಕು. ದೃಶ್ಯವನ್ನು ಒಂದೆರಡು ಸಲಕ್ಕೇ ಮುಗಿಸಬೇಕು. ಲೇಖಕರ ತಂಡಕ್ಕೆ ವಾರದ ರಜೆಯಿದ್ದರೂ ಕಥೆಗೆ ರಜೆಯಿಲ್ಲ. ಈ ದುಡಿಮೆಯನ್ನು ಇದೇ ದುಡಿಮೆ ಬಲ್ಲವರು ಅಳೆಯಬೇಕು ಎಂಬ ವಾದಕ್ಕೆ ಮನ್ನಣೆ ದೊರೆತು, 1974ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾದಲ್ಲಿ ಮೊದಲ ಪ್ರತ್ಯೇಕ 'ಡೇಟೈಮ್ ಎಮ್ಮಿ' ಸಮಾರಂಭ ಜರಗಿತು.

ನಾಯಕ-ನಾಯಕಿಯರಿಗಷ್ಟೇ ಅಲ್ಲದೆ ಲೇಖಕರ ತಂಡ, ನಿರ್ದೇಶಕರ ತಂಡ, ಉಡುಪು, ಕೇಶಾಲಂಕಾರ, ಪ್ರಸಾಧನ, ಬೆಳಕು, ಸಂಕಲನ, ಅಡುಗೆ ಕಾರ್ಯಕ್ರಮ, ಹರಟೆ ಕಾರ್ಯಕ್ರಮ, ಮಕ್ಕಳ ಕಾರ್ಯಕ್ರಮ ಹೀಗೆ ಹಲವು ವಿಭಾಗಗಳು ಇದರಲ್ಲಿ ಸೇರಿಕೊಂಡವು. ಅಡುಗೆಯನ್ನು ಅಮೆರಿಕದ ಮನೆಮನೆಗೆ ಟಿವಿ ಮೂಲಕ ಕಲಿಸಿದ ಜೂಲಿಯಾ ಚೈಲ್ಡ್ ಅವರಿಗೂ ಡೇಟೈಮ್ ಎಮ್ಮಿ ಸಂದಿದೆ. ಹೊರನಾಡ ಕನ್ನಡಿಗರು ಗಮನಿಸಬೇಕಾದ ಇನ್ನೊಂದು ವಿಷಯವೆಂದರೆ, 2010ರ ದಶಕದಲ್ಲಿ ಈ ಸಮಾರಂಭದಲ್ಲಿ ಸ್ಪ್ಯಾನಿಷ್ ಭಾಷೆಯ ಕಾರ್ಯಕ್ರಮಗಳಿಗೂ ಪ್ರತ್ಯೇಕ ವಿಭಾಗಗಳಿದ್ದವು. ಇಂಗ್ಲಿಷ್ ಪ್ರಧಾನವಾದ ನಾಡಿನಲ್ಲಿ ವಲಸಿಗರ ಮನೆಮಾತಿನ ಬೆಳಗಿನ ಕಾರ್ಯಕ್ರಮಕ್ಕೂ ವೇದಿಕೆಯ ಮೇಲೆ ಜಾಗ ದೊರೆತದ್ದು ಸಣ್ಣ ಮಾತಲ್ಲ.

ಹತ್ತೊಂಬತ್ತನೆಯ ಬಾರಿಗೆ ಒಲಿದ ಗೆಲುವು

ಡೇಟೈಮ್ ಎಮ್ಮಿಯ ಇತಿಹಾಸದಲ್ಲಿ ಎಲ್ಲರ ನೆನಪಿನಲ್ಲಿ ಉಳಿದ ಹೆಸರು ಸೂಸನ್ ಲೂಚಿ. ಲೇಖಕಿ ಆಗ್ನೆಸ್ ನಿಕ್ಸನ್ ಸೃಷ್ಟಿಸಿದ 'ಆಲ್ ಮೈ ಚಿಲ್ಡ್ರನ್' ಧಾರಾವಾಹಿಯಲ್ಲಿ 1970ರಿಂದ ಎರಿಕಾ ಕೇನ್ ಎಂಬ ಪಾತ್ರ ನಿರ್ವಹಿಸುತ್ತಿದ್ದ ಆಕೆ 1978ರಲ್ಲಿ ಮೊದಲ ಬಾರಿ ಶ್ರೇಷ್ಠ ನಟಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. ಬರಲಿಲ್ಲ. ಮತ್ತೆ ನಾಮನಿರ್ದೇಶನ, ಮತ್ತೆ ನಿರಾಸೆ. ಹೀಗೆ ಹದಿನೆಂಟು ಬಾರಿ ಬರಿಗೈಯಲ್ಲಿ ಮರಳಿದರು. ಆಕೆಯ ಸೋಲು ಅಮೆರಿಕದಲ್ಲಿ ನಗೆಚಾಟಿಕೆಯ ವಸ್ತುವಾಯಿತು. ಸ್ವತಃ ಆಕೆಯೇ ಜಾಹೀರಾತಿನಲ್ಲಿ ಅದನ್ನು ಹೇಳಿಕೊಂಡು ನಕ್ಕದ್ದೂ ಉಂಟು.

1999ರ ಮೇ 21ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹತ್ತೊಂಬತ್ತನೆಯ ಬಾರಿಗೆ ಆಕೆಯ ಹೆಸರು ಕೂಗಿದಾಗ ಇಡೀ ಸಭೆ ಎದ್ದು ನಿಂತಿತು. ಚಪ್ಪಾಳೆ ನಿಮಿಷಗಟ್ಟಲೆ ನಿಲ್ಲಲಿಲ್ಲ. ಸ್ಪರ್ಧೆಯಲ್ಲಿ ಸೋತವರೂ ಅತ್ತರು. ಆ ಚಪ್ಪಾಳೆ ಒಬ್ಬ ನಟಿಗೆ ಮಾತ್ರ ಸಂದದ್ದಲ್ಲ. ದಿನವೂ ಬಂದು, ದಿನವೂ ದುಡಿದು, 'ಇದೇನು ಮಹಾ ಕಲೆ' ಎಂಬ ಮಾತು ಕೇಳಿಸಿಕೊಂಡ ಎಲ್ಲರಿಗೂ ಅದು ಸಂದಿತು. ಮನೆಯಲ್ಲಿ ಕುಳಿತು ದಶಕಗಳ ಕಾಲ ಆ ಪಾತ್ರದೊಂದಿಗೆ ಬಾಳಿದ ಗೃಹಿಣಿಯರಿಗೂ ತಾವು ನೋಡಿದ್ದು ವ್ಯರ್ಥವಲ್ಲ ಎಂಬ ಸಮಾಧಾನ ಸಿಕ್ಕಿತು. ಪ್ರಶಸ್ತಿಯ ನಿಜವಾದ ಕೆಲಸ ಇಷ್ಟೇ: ನಡೆಯುತ್ತಿರುವ ದುಡಿಮೆಯನ್ನು ಹೆಸರು ಹಿಡಿದು ಕರೆಯುವುದು.

ಹೊತ್ತು ಬದಲಾದಾಗ

ಕಾಲ ಬದಲಾಯಿತು. ಮಹಿಳೆಯರು ಹೆಚ್ಚು ಸಂಖ್ಯೆಯಲ್ಲಿ ಉದ್ಯೋಗಕ್ಕೆ ಹೋಗತೊಡಗಿದರು, ವಾಹಿನಿಗಳು ಹೆಚ್ಚಿದವು, ಅಂತರ್ಜಾಲ ಬಂತು. 2009ರಿಂದ 2012ರ ಜನವರಿಯೊಳಗೆ ಅಮೆರಿಕದ ನಾಲ್ಕು ಹಳೆಯ ಹಗಲು ಧಾರಾವಾಹಿಗಳು ವಾಹಿನಿಗಳಿಂದ ಮರೆಯಾದವು. ಸೂಸನ್ ಲೂಚಿಯ 'ಆಲ್ ಮೈ ಚಿಲ್ಡ್ರನ್' ಕೂಡ 2011ರಲ್ಲಿ ಎಬಿಸಿ ವಾಹಿನಿಯಿಂದ ನಿರ್ಗಮಿಸಿತು. ಸಮಾರಂಭವೂ ಸೊರಗಿತು. 2014ರಲ್ಲಿ ಪ್ರಸಾರ ಮಾಡಲು ವಾಹಿನಿ ದೊರೆಯದೆ ಅಂತರ್ಜಾಲದಲ್ಲಷ್ಟೇ ತೋರಿಸಲಾಯಿತು. 2016ರಲ್ಲಿ ಟಿವಿ ಪ್ರಸಾರವೇ ಇರಲಿಲ್ಲ. 2020ರ ಕೊರೋನಾ ವರ್ಷದಲ್ಲಿ ಕಲಾವಿದರು ತಮ್ಮ ತಮ್ಮ ಮನೆಯಿಂದಲೇ ಪಾಲ್ಗೊಂಡ ಸಮಾರಂಭ ಮರಳಿ ವಾಹಿನಿಗೆ ಬಂತು.

2022ರಿಂದ ನಿಯಮವೂ ಬದಲಾಯಿತು. ಕಾರ್ಯಕ್ರಮ ಯಾವ ಹೊತ್ತಿಗೆ ಪ್ರಸಾರವಾಗುತ್ತದೆ ಎಂಬುದರ ಬದಲು ಅದು ಯಾವ ಬಗೆಯದು ಎಂಬುದನ್ನು ನೋಡಿ ಪ್ರಶಸ್ತಿ ವಿಂಗಡಿಸಲು ಎರಡು ಅಕಾಡೆಮಿಗಳು ಒಪ್ಪಿಕೊಂಡವು. ಮಕ್ಕಳ ಕಾರ್ಯಕ್ರಮಗಳಿಗೆ ಬೇರೆಯೇ ಎಮ್ಮಿ ಆರಂಭವಾಯಿತು. ಹೊತ್ತಿನ ಗೆರೆ ಅಳಿಸಿತಾದರೂ ದೈನಿಕ ಧಾರಾವಾಹಿಯ ಗೌರವ ಡೇಟೈಮ್ ಎಮ್ಮಿಯಲ್ಲೇ ಉಳಿಯಿತು. ಲೇಖಕರ ಮುಷ್ಕರದಿಂದ ಮುಂದೂಡಲ್ಪಟ್ಟ ಐವತ್ತನೆಯ ಸಮಾರಂಭ 2023ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜರಗಿತು. ನೋಡುಗರು ಕಡಿಮೆಯಾದರೂ ಗೌರವದ ಪರಂಪರೆಯನ್ನು ಕೈಬಿಡಲಿಲ್ಲ ಎಂಬುದು ಉಲ್ಲೇಖನೀಯ.

ಕನ್ನಡದ ನಾಲ್ಕೂವರೆ ಗಂಟೆ

ಭಾರತದಲ್ಲಿ ಹಗಲಿನ ಟಿವಿ ಪಾಠಶಾಲೆಯಾಗಿ ಆರಂಭವಾಯಿತು ಎನ್ನಬಹುದು. 1975ರ ಆಗಸ್ಟ್ 1ರಂದು ಆರಂಭವಾದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿತು. ಕರ್ನಾಟಕದ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬರುತ್ತಿತ್ತು. 1984ರಲ್ಲಿ ಯುಜಿಸಿಯ ಕಾಲೇಜು ಪಾಠಗಳು ದೂರದರ್ಶನದ ಮಧ್ಯಾಹ್ನವನ್ನು ತುಂಬಿದವು. 1989ರ ಜನವರಿ 26ರಂದು ದೂರದರ್ಶನ ಮಧ್ಯಾಹ್ನದ ಪ್ರಸಾರವನ್ನು ಆರಂಭಿಸಿತು. 1994ರಲ್ಲಿ ಮಂದಿರಾ ಬೇಡಿ ಅಭಿನಯದ 'ಶಾಂತಿ', 1995ರಲ್ಲಿ 'ಸ್ವಾಭಿಮಾನ್' ಹಿಂದಿಯಲ್ಲಿ ಮಧ್ಯಾಹ್ನದ ದೈನಿಕ ಧಾರಾವಾಹಿಗೆ ದಾರಿ ಹಾಕಿಕೊಟ್ಟವು.

ಕನ್ನಡದಲ್ಲಿ ಆ ಕೀರ್ತಿ 'ಮಾಯಾಮೃಗ'ಕ್ಕೆ ಸಲ್ಲಬೇಕು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶನದ ಈ ಧಾರಾವಾಹಿ 1998ರಲ್ಲಿ ದೂರದರ್ಶನದಲ್ಲಿ ನಾಲ್ಕೂವರೆ ಗಂಟೆಗೆ ಪ್ರಸಾರವಾಗುತ್ತಿತ್ತು. ದೀಪ ಹಚ್ಚುವ ಮೊದಲಿನ ಹೊತ್ತು, ವಾಹಿನಿಗಳು ಲೆಕ್ಕಕ್ಕೇ ಹಿಡಿಯದ ಹೊತ್ತು. ಆ ಹೊತ್ತಿಗೆ ಮನೆಮಂದಿಯೆಲ್ಲ ಟಿವಿ ಮುಂದೆ ಸೇರುವಂತೆ ಮಾಡಿದ್ದು ಒಳ್ಳೆಯ ಬರವಣಿಗೆ ಮತ್ತು ಸಹಜ ಅಭಿನಯ. ಒಳ್ಳೆಯದನ್ನು ಕೊಟ್ಟರೆ ಯಾವ ಹೊತ್ತೂ ಕೆಟ್ಟ ಹೊತ್ತಲ್ಲ ಎಂಬುದನ್ನು ಕನ್ನಡವೇ ಅಂದು ತೋರಿಸಿಕೊಟ್ಟಿತ್ತು. ಅದರ ನೆನಪು ಎಷ್ಟು ಗಟ್ಟಿಯೆಂದರೆ 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ 'ಮತ್ತೆ ಮಾಯಾಮೃಗ' ಎಂಬ ಮುಂದುವರಿಕೆಯೂ ಬಂತು.

ಆದರೆ ಖಾಸಗಿ ವಾಹಿನಿಗಳು ಬೆಳೆದಂತೆ ಜಾಹೀರಾತಿನ ಹಣ ರಾತ್ರಿಯತ್ತ ಹರಿಯಿತು. ಮಧ್ಯಾಹ್ನಕ್ಕೆ ಉಳಿದದ್ದು ಬಹುಮಟ್ಟಿಗೆ ಹಿಂದಿನ ರಾತ್ರಿಯ ಕಂತಿನ ಮರುಪ್ರಸಾರ, ಹಳೆಯ ಚಲನಚಿತ್ರ. ಹಿಂದಿಯ ಸ್ಟಾರ್ ಪ್ಲಸ್ ವಾಹಿನಿ 2017ರ ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೆಂದೇ ಹೊಸ ಧಾರಾವಾಹಿಗಳ ಸಾಲನ್ನು ಆರಂಭಿಸಿ, ಅದೇ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಮರಾಠಿ ಮಾತ್ರ ಛಲ ಬಿಡಲಿಲ್ಲ. 2022ರಲ್ಲಿ ಸ್ಟಾರ್ ಪ್ರವಾಹ ವಾಹಿನಿ ಮಧ್ಯಾಹ್ನದ ಹೊತ್ತಿಗೆ 'ಮುರಾಂಬಾ'ದಂಥ ಹೊಸ ಧಾರಾವಾಹಿ ತಂದು ನೋಡುಗರನ್ನು ಗಳಿಸಿಕೊಂಡಿತು. ನಾಸಿಕ್‌ನ ಸೊಸೈಟಿಯಲ್ಲಿ ಪಕ್ಕದ ಮನೆಯ ಮರಾಠಿ ವಹಿನಿಗೆ ಹೊಸ ಕಂತು, ಕನ್ನಡದ ಅಕ್ಕನಿಗೆ ನಿನ್ನೆಯ ಕಂತು ಎಂಬ ಸ್ಥಿತಿ ಹಲವೆಡೆ ಕಾಣಸಿಗುತ್ತದೆ.

ಹಾಗೆಂದು ಕನ್ನಡದ ಹಗಲು ಬರಿದಾಗಿಲ್ಲ. ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ' ಸ್ಟಾರ್ ಸುವರ್ಣದಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮನೆಮಾತಾಯಿತು. ಅಡುಗೆಮನೆಯ ಪದಗಳು, ಅಂದರೆ ಒಗ್ಗರಣೆ, ಹದ, ಚಿಟಿಕೆ, ಹುರಿಯುವುದು, ರುಬ್ಬುವುದು, ಹೊರನಾಡಿನ ಮಗುವಿನ ಕಿವಿಗೆ ಬೀಳಲು ಇಂಥ ಕಾರ್ಯಕ್ರಮಕ್ಕಿಂತ ಬೇರೆ ಪಾಠ ಬೇಡ. 2020ರಿಂದೀಚೆಗೆ 'ಮಹಾಭಾರತ'ದಂಥ ಹಿಂದಿ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬಂದಾಗ ಕಂಠದಾನ ಮಾಡುವವರು, ಸಂಭಾಷಣೆಯನ್ನು ಕನ್ನಡಕ್ಕೆ ಒಗ್ಗಿಸುವವರು ಎಂಬ ಹೊಸ ದುಡಿಮೆಯ ವರ್ಗವೇ ಕಿರುತೆರೆಗೆ ಸೇರಿತು.

ಪ್ರಶಸ್ತಿ ಯಾರಿಗೆ?

ಕನ್ನಡ ಕಿರುತೆರೆಗೆ ಪ್ರಶಸ್ತಿ ಸಮಾರಂಭಗಳ ಕೊರತೆಯಿಲ್ಲ. ಕಲರ್ಸ್ ಕನ್ನಡದ ಅನುಬಂಧ ಅವಾರ್ಡ್ಸ್, ಜೀ ಕನ್ನಡದ ಕುಟುಂಬ ಅವಾರ್ಡ್ಸ್ ಅದ್ದೂರಿಯಾಗಿ ನಡೆಯುತ್ತವೆ. ಮರಾಠಿಯಲ್ಲಿ ಸ್ಟಾರ್ ಪ್ರವಾಹ ಪರಿವಾರ ಪುರಸ್ಕಾರವಿದೆ. ಮೆಚ್ಚಿನ ಅಮ್ಮ, ಮೆಚ್ಚಿನ ಸೊಸೆ, ಮೆಚ್ಚಿನ ಜೋಡಿ ಎಂಬಂಥ ವಿಭಾಗಗಳಲ್ಲಿ ನೋಡುಗರ ಮತಕ್ಕೆ ಅವಕಾಶವಿರುವುದು ಮೆಚ್ಚತಕ್ಕದ್ದೇ. ಆದರೆ ಇವು ಆಯಾ ವಾಹಿನಿ ತನ್ನ ಮನೆಯವರಿಗೆ ತಾನೇ ಮಾಡುವ ಆರತಿ. 2001ರಲ್ಲಿ ಆರಂಭವಾದ ಇಂಡಿಯನ್ ಟೆಲಿ ಅವಾರ್ಡ್ಸ್ ಮತ್ತು ಐಟಿಎ ಪ್ರಶಸ್ತಿಗಳಲ್ಲಿ ಹಿಂದಿಯದೇ ಮೇಲುಗೈ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ವ್ಯಾಪ್ತಿಗೆ ದೈನಿಕ ಧಾರಾವಾಹಿ ಬರುವುದಿಲ್ಲ. 2023ರ ನವೆಂಬರಿನಲ್ಲಿ ಏಕ್ತಾ ಕಪೂರ್ ಅವರಿಗೆ ನ್ಯೂಯಾರ್ಕಿನಲ್ಲಿ ಅಂತಾರಾಷ್ಟ್ರೀಯ ಎಮ್ಮಿಯ ವಿಶೇಷ ಗೌರವ ದೊರೆತಾಗ ಭಾರತದ ಧಾರಾವಾಹಿಗೆ ಜಗತ್ತು ತಲೆಬಾಗಿತು. ಆದರೆ ಮಧ್ಯಾಹ್ನದ ಕಾರ್ಯಕ್ರಮಕ್ಕೆ, ಪ್ರಾದೇಶಿಕ ಭಾಷೆಯ ಸಂಭಾಷಣಕಾರನಿಗೆ, ಕಂಠದಾನ ಕಲಾವಿದೆಗೆ ಹೇಳಿಕೊಳ್ಳುವಂಥ ಸ್ವತಂತ್ರ ವೇದಿಕೆಯಿಲ್ಲ.

ದೊಡ್ಡ ಪರದೆಯ ಬೆಳಕಿನಲ್ಲಿ ಸಣ್ಣ ಪರದೆಯ ದುಡಿಮೆ ಮಸುಕಾಗುವುದಕ್ಕೆ ಈ ಎರಡು ನಗರಗಳೇ ಸಾಕ್ಷಿ ಒದಗಿಸುತ್ತವೆ. 2025ರ ಜನವರಿಯಲ್ಲಿ ಸಂಭಾಜಿನಗರದ ಉತ್ಸವದಲ್ಲಿ ಪದ್ಮಪಾಣಿ ಜೀವಮಾನ ಸಾಧನೆ ಪ್ರಶಸ್ತಿಯನ್ನು ಸಾಯಿ ಪರಾಂಜಪೆ ಅವರಿಗೆ ನೀಡಲಾಯಿತು. 'ಸ್ಪರ್ಶ್', 'ಚಶ್ಮೆ ಬದ್ದೂರ್', 'ಕಥಾ' ಚಿತ್ರಗಳ ನಿರ್ದೇಶಕಿ ಎಂದೇ ಅವರು ಪ್ರಸಿದ್ಧರು. ಆದರೆ ಆಕೆ ಪುಣೆ ಆಕಾಶವಾಣಿಯಲ್ಲಿ ಆರಂಭಿಸಿ, ದೆಹಲಿ ದೂರದರ್ಶನದಲ್ಲಿ ವರ್ಷಗಟ್ಟಲೆ ದುಡಿದವರು. 'ಅಡೋಸ್ ಪಡೋಸ್', 'ಛೋಟೇ ಬಡೇ' ಧಾರಾವಾಹಿಗಳನ್ನು ಮಾಡಿದವರು. ಫಾಲ್ಕೆ ಪ್ರಶಸ್ತಿಯ ವಿ.ಕೆ. ಮೂರ್ತಿಯವರನ್ನು ಗುರುದತ್ತ್ ಚಿತ್ರಗಳಿಗಾಗಿ ಜನ ಸ್ಮರಿಸುತ್ತಾರೆ. ದೂರದರ್ಶನದ 'ತಮಸ್'ಗೂ ಅವರ ಕ್ಯಾಮೆರಾ ದುಡಿದಿತ್ತು ಎಂಬುದು ಅನೇಕರಿಗೆ ಮರೆತಿದೆ.

ಫಾಲ್ಕೆಯವರ ಮನೆಯ ಕಥೆಯನ್ನೇ ನೋಡಬಹುದು. ಅವರ ಪತ್ನಿ ಸರಸ್ವತಿಬಾಯಿಯವರು ಫಿಲ್ಮಿನ ಸುರುಳಿಗೆ ರಂಧ್ರ ಕೊರೆಯುವುದು, ಅದನ್ನು ಸಂಸ್ಕರಿಸುವುದು ಕಲಿತರು. ಹಗಲು ಚಿತ್ರತಂಡದವರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ದೇಶದ ಅತ್ಯುನ್ನತ ಪ್ರಶಸ್ತಿ ಪತಿಯ ಹೆಸರಿನಲ್ಲಿದೆ. ಆಕೆಯ ದುಡಿಮೆ ಚರಿತ್ರೆಯ ಪುಟಗಳಲ್ಲಿ ಹುಡುಕಿದರೆ ಸಿಗುತ್ತದೆ. ಮನೆಯೊಳಗಿನ, ಹಗಲಿನ ದುಡಿಮೆಗೆ ಹೆಸರು ಸಿಗುವುದು ಯಾವಾಗಲೂ ತಡವಾಗಿಯೇ.

ಲೆಕ್ಕಕ್ಕೆ ಸಿಗದ ನೋಡುಗರು

ನಾಸಿಕ್, ಸಂಭಾಜಿನಗರದ ಕನ್ನಡಿಗರ ಪಾಲಿಗೆ ಇನ್ನೊಂದು ಸಂಗತಿಯೂ ಇದೆ. ಕೇಬಲ್ ಕಾಲದಲ್ಲಿ ಕನ್ನಡ ವಾಹಿನಿ ಬೇಕೆಂದರೆ ಕೇಬಲ್‌ನವನ ಕೈಕಾಲು ಹಿಡಿಯಬೇಕಿತ್ತು. ಬೀದಿಯಲ್ಲಿ ನಾಲ್ಕು ಕನ್ನಡ ಮನೆಗಳಿದ್ದರೆ ಅವನು ಯಾಕೆ ಕೊಟ್ಟಾನು? 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ ಆರಂಭವಾದ ಮೇಲೆ ಮಾಸಿಕ ಶುಲ್ಕವಿಲ್ಲದೆ ಚಂದನ ನೋಡುವ ದಾರಿ ತೆರೆಯಿತು. ಅದೇ ದಶಕದಲ್ಲಿ ಖಾಸಗಿ ಡಿಶ್‌ಗಳು ಬಂದು ಉಳಿದ ಕನ್ನಡ ವಾಹಿನಿಗಳೂ ಮನೆ ಸೇರಿದವು. 2019ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಬೇಕಾದ ವಾಹಿನಿಯನ್ನು ಆರಿಸಿ ಹಣ ಕಟ್ಟುವ ಹಕ್ಕು ನೋಡುಗರಿಗೆ ಬಂತು. ಮರಾಠಿ, ಹಿಂದಿ ವಾಹಿನಿಗಳ ಜತೆಗೆ ಕನ್ನಡಕ್ಕೂ ಪ್ರತ್ಯೇಕವಾಗಿ ಹಣ ಕಟ್ಟುವ ಹೊರನಾಡ ಕನ್ನಡಿಗ ತನ್ನ ಭಾಷೆಗೆ ಜೇಬಿನಿಂದಲೇ ಮತ ಹಾಕಿದಂತೆ.

ಆದರೆ ಆ ಮತ ಎಣಿಕೆಯಾಗುವುದಿಲ್ಲ. 2015ರಿಂದ ಟಿವಿ ನೋಡುಗರ ಸಂಖ್ಯೆಯನ್ನು ಅಳೆಯುತ್ತಿರುವ ಬಾರ್ಕ್ ಸಂಸ್ಥೆ ಕನ್ನಡ ವಾಹಿನಿಗಳ ವಾರದ ಅಂಕಿಗಳನ್ನು ಕರ್ನಾಟಕದ ಮಾರುಕಟ್ಟೆಯ ಲೆಕ್ಕದಲ್ಲಿ ಪ್ರಕಟಿಸುತ್ತದೆ. ಓಝರ್‌ನ ಅಜ್ಜಿ ದಿನಕ್ಕೆ ಎರಡು ತಾಸು ಕನ್ನಡ ನೋಡಿದರೂ ಆ ಪಟ್ಟಿಯಲ್ಲಿ ಆಕೆ ಇಲ್ಲ. ಯಾವ ಧಾರಾವಾಹಿ ಉಳಿಯಬೇಕು, ಯಾವುದು ಮುಗಿಯಬೇಕು, ಮಧ್ಯಾಹ್ನಕ್ಕೆ ಹೊಸದು ಬೇಕೋ ಮರುಪ್ರಸಾರ ಸಾಕೋ ಎಂಬ ತೀರ್ಮಾನದಲ್ಲಿ ಆಕೆಯ ಮಾತಿಗೆ ತೂಕವಿಲ್ಲ. ಕಣ್ಣಿಗೆ ಕಾಣದ ನೋಡುಗರು ತಾವಿದ್ದೇವೆ ಎಂದು ಹೇಳಿಕೊಳ್ಳಲು ಬೇರೆ ದಾರಿ ಹುಡುಕಬೇಕು.

ಸಂಘದ ಅಂಗಳದಲ್ಲಿ

ಆ ದಾರಿ ಕನ್ನಡ ಸಂಘಗಳ ಅಂಗಳದಲ್ಲೇ ಇದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಗಣ್ಯರಿಗೆ ಶಾಲು, ಹಾರ, ಸ್ಮರಣಿಕೆ ಸಲ್ಲುವುದು ವಾಡಿಕೆ. ಅದೇ ವೇದಿಕೆಯಲ್ಲಿ ಅರ್ಧ ಗಂಟೆಯನ್ನು ಮಧ್ಯಾಹ್ನದ ಪರದೆಗೆ ಮೀಸಲಿಟ್ಟರೆ ಸಂಘದ ಬೊಕ್ಕಸಕ್ಕೇನೂ ಭಾರವಾಗದು. ಮಹಿಳಾ ವಿಭಾಗದವರು ಅಕ್ಟೋಬರಿನಲ್ಲೇ ಸದಸ್ಯರ ಮನೆಗಳಿಗೆ ಒಂದು ಚೀಟಿ ಕಳಿಸಬಹುದು. ಈ ವರ್ಷ ಹಗಲು ನೋಡಿದ ಕಾರ್ಯಕ್ರಮಗಳಲ್ಲಿ ಯಾವುದರ ಕನ್ನಡ ಚೆನ್ನಾಗಿತ್ತು? ಯಾವುದನ್ನು ಮಕ್ಕಳೊಡನೆ ಮುಜುಗರವಿಲ್ಲದೆ ನೋಡಬಹುದಿತ್ತು? ಯಾವ ಮಾತು ಮಕ್ಕಳ ಬಾಯಿಗೆ ಬಂತು? ಡಬ್ ಆದ ಧಾರಾವಾಹಿಯಲ್ಲಿ ಯಾವ ದನಿ ನಮ್ಮೂರಿನವರದ್ದೇ ಎನಿಸಿತು? ಇಷ್ಟೇ ಪ್ರಶ್ನೆಗಳು ಸಾಕು.

ಬಂದ ಉತ್ತರಗಳನ್ನು ಎಣಿಸಿ, ಆರಿಸಿಕೊಂಡ ಕಾರ್ಯಕ್ರಮದ ಲೇಖಕರಿಗೂ ಕಲಾವಿದರಿಗೂ ಸಂಘದ ಮುದ್ರೆಯಿರುವ ಅಭಿನಂದನ ಪತ್ರವನ್ನು ವಾಹಿನಿಯ ವಿಳಾಸಕ್ಕೆ ಕಳಿಸಬಹುದು. ಆ ಪತ್ರವನ್ನು ವೇದಿಕೆಯ ಮೇಲೆ ಓದುವ ಕೆಲಸ ಮಗುವೊಂದಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು. ಕನ್ನಡ ಓದಲು ಕಲಿಯುವುದಕ್ಕೆ ಅದೊಂದು ನೆಪವಾದೀತು. ನಾಸಿಕ್ ಮತ್ತು ಸಂಭಾಜಿನಗರದ ಸಂಘಗಳು ಜತೆಗೂಡಿ ಮಾಡಿದರೆ ಧ್ವನಿಗೆ ಬಲ ಹೆಚ್ಚು. ಪುಣೆ, ಸೋಲಾಪುರ, ಮುಂಬಯಿಯ ಸಂಘಗಳು ಕೈಜೋಡಿಸಿದರೆ ವಾಹಿನಿಗಳೂ ಕಿವಿಗೊಡಬೇಕಾದೀತು.

ಇದರಿಂದ ಎಲ್ಲವೂ ಬದಲಾಗುತ್ತದೆ ಎಂದಲ್ಲ. ಧಾರಾವಾಹಿಗಳ ದೋಷಗಳೂ ಕಡಿಮೆಯೇನಿಲ್ಲ. ಅತ್ತೆ ಸೊಸೆಯರ ಜಗಳ, ಕೊನೆಯಿಲ್ಲದ ಒಳಸಂಚು, ಎಳೆದಾಡುವ ಕಥೆ ಎಂಬ ದೂರುಗಳಲ್ಲಿ ಹುರುಳಿದೆ. ಅಂಥ ದೂರುಗಳಿರುವುದರಿಂದಲೇ ಒಳ್ಳೆಯದನ್ನು ಹೆಕ್ಕಿ ಹೇಳುವ ಪದ್ಧತಿ ಬೇಕು. ಕೆಟ್ಟದ್ದನ್ನು ಬಯ್ಯುವವರು ನೂರಾರು ಜನ. ಚೆನ್ನಾಗಿ ಬರೆದವನಿಗೆ 'ಚೆನ್ನಾಗಿದೆ' ಎಂದು ಎರಡು ಸಾಲು ಬರೆದು ಕಳಿಸುವವರು ಬೆರಳೆಣಿಕೆಯ ಮಂದಿ. ಹದಿನೆಂಟು ಬಾರಿ ಸೋತ ನಟಿಗಾಗಿ ಎದ್ದು ನಿಂತು ಚಪ್ಪಾಳೆ ತಟ್ಟಿದ ಸಭೆಯಲ್ಲಿ ಇದ್ದದ್ದೂ ಆ ಎರಡು ಸಾಲಿನ ಕೃತಜ್ಞತೆಯೇ.

ರಾಜ್ಯೋತ್ಸವ ಪ್ರತಿ ವರ್ಷ ಬರುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಯಾರಾದರೂ ಒಬ್ಬರು ಪ್ರಸ್ತಾಪಿಸಿದರೆ ಸಾಕು, ಉಳಿದ ಕೆಲಸವನ್ನು ಮಹಿಳಾ ವಿಭಾಗದವರು ಮಾಡಿ ಮುಗಿಸಿಯಾರು. ಹಗಲಿನ ಆ ಒಂದೆರಡು ತಾಸು ಹೊರನಾಡಿನ ಮನೆಯಲ್ಲಿ ಕನ್ನಡವನ್ನು ಕಾಯುತ್ತಿದೆ. ಅದನ್ನು ಕಾಯುವವರ ಹೆಸರನ್ನು ವರ್ಷಕ್ಕೊಮ್ಮೆಯಾದರೂ ವೇದಿಕೆಯ ಮೇಲೆ ಕರೆಯುವುದು ಸಂಘಗಳ ಕರ್ತವ್ಯವಾಗಲಿ.